ಒಲೆ ಇಲ್ಲದ ದ್ವೀಪ

ಅಕ್ಕನ ಬಲಗೈಯಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ, ಒಂದು ಕೂದಲೂ ಇರಲಿಲ್ಲ. ಎಡಗೈ ನಮ್ಮೆಲ್ಲರ ಕೈಯಂತೆಯೇ ಇತ್ತು. ಬಯಲಿನಲ್ಲಿ ಒಲೆ ಹಚ್ಚಿದರೆ ಗಾಳಿ ಉರಿಯನ್ನು ಒಂದೇ ಮಗ್ಗುಲಿಗೆ ಎಳೆಯುತ್ತದೆ. ವರ್ಷಗಟ್ಟಲೆ ಆ ಮಗ್ಗುಲಿಗೆ ಕೈಯೊಡ್ಡಿ ಅನ್ನ ಬೇಯಿಸಿದವರ ಚರ್ಮ ಹಳೆಯ ಸೌಟಿನ ಹಿಡಿಯಂತೆ ನುಣ್ಣಗಾಗಿಬಿಡುತ್ತದೆ. ಅಕ್ಕ ಎಂದರೆ ನನ್ನ ವಾರಗಿತ್ತಿ, ನನ್ನ ಯಜಮಾನರ ಅಣ್ಣನ ಹೆಂಡತಿ. ಹೊಸೂರಿನಾಚೆಯ ಉದ್ದನಪಲ್ಲಿಯ ಈ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ, ನಾವಿಬ್ಬರೂ ಇಷ್ಟು ವರ್ಷ ಹೆಗಲು ತಾಗಿಸಿಕೊಂಡು ಬಾಳಿದೆವು.

ಆ ದಿನ ಬೆಳಿಗ್ಗೆ ಎಲ್ಲ ಎಂದಿನಂತೆಯೇ ನಡೆಯಿತು. ಎದ್ದು ಬಾಗಿಲಿಗೆ ನೀರು ಹಾಕಿದೆ. ಅಕ್ಕನ ಕಾರ್ಯ ಮುಗಿದಿದ್ದರೂ ರಂಗೋಲಿ ಇನ್ನೂ ಬೇಡವೆಂದು ಅತ್ತೆ ಹೇಳಿದ್ದರಿಂದ ಬರಿಯ ನೆಲವನ್ನೇ ಗುಡಿಸಿ ಬಂದೆ. ಡಿಕಾಕ್ಷನ್ ಇಳಿಸಿದೆ. ಹಸು ಅಕ್ಕನ ಕೈಗೇ ಒಗ್ಗಿದ್ದರಿಂದ ನನಗೆ ಹಾಲು ಕೊಡಲು ಸತಾಯಿಸಿತು. ಅಷ್ಟರಲ್ಲಿ ವ್ಯಾನು ಬಂದು ಬೇವಿನ ಮರದ ಕೆಳಗೆ ನಿಂತಿತು. ಆ ಮರದ ಕೊಂಬೆಯಲ್ಲೇ ಅಕ್ಕನ ಅಸ್ಥಿಯ ಕುಡಿಕೆಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದರು. ಅದನ್ನು ಮನೆಯೊಳಗೆ ತರಬಾರದಂತೆ. ಬದುಕಿದ್ದಷ್ಟು ದಿನ ಮನೆಯಿಂದ ಹೊರಗೆ ಹೋಗಬಾರದು, ಸತ್ತ ಮೇಲೆ ಒಳಗೆ ಬರಬಾರದು. ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಗಂಡಸರೆಲ್ಲ ಬಿಳಿ ಪಂಚೆಯುಟ್ಟು ಸಿದ್ಧರಾದರು. ಭಾವ, ನನ್ನ ಯಜಮಾನರು, ದಾಯಾದಿಗಳು ಕೆಲವರು. ಹೋಗುತ್ತಿದ್ದುದು ರಾಮೇಶ್ವರಕ್ಕೆ. ಯಾರೋ ಒಬ್ಬರು ಅಟ್ಟದ ಕಡೆ ಬೆರಳು ತೋರಿಸಿ ದೊಡ್ಡ ಒಲೆ ಇಳಿಸಲೇ ಎಂದು ಕೇಳಿದರು. ಭಾವ ಅದರತ್ತ ನೋಡಲೂ ಇಲ್ಲ.

"ಒಲೆ ಯಾಕ್ಲಾ? ಯಾರು ಹೊತ್ಕಂಡು ತಿರುಗೋರು. ದಾರೀಲಿ ಎಂತೆಂಥಾ ಹೋಟ್ಲು ಅವೆ."

ನನ್ನ ಕೈಯಲ್ಲಿ ಕಾಫಿ ಲೋಟಗಳ ತಟ್ಟೆಯಿತ್ತು. ನಾನು ಓದಿದ್ದು ಕೃಷ್ಣಗಿರಿಯ ಕಾನ್ವೆಂಟಿನಲ್ಲಿ. ಕುರ್ಚಿ ಎಳೆದರೆ ಸದ್ದಾಗಬಾರದು, ಬಾಗಿಲು ಮುಚ್ಚಿದರೆ ಸದ್ದಾಗಬಾರದು, ಲೋಟ ಇಟ್ಟರೆ ಸದ್ದಾಗಬಾರದು ಎಂದು ಸಿಸ್ಟರುಗಳು ಕಲಿಸಿದ್ದರು. ಒಂದೂ ಸದ್ದಾಗದಂತೆ ತಟ್ಟೆ ಇಟ್ಟೆ. ಒಳಗೆ ಬಂದು, ಅಕ್ಕ ಮಸಾಲೆ ರುಬ್ಬುತ್ತಿದ್ದ ಜಾಗದಲ್ಲಿ ನಿಂತೆ.

ಆ ಒಲೆಯ ವಿಷಯ ಹೇಳದಿದ್ದರೆ ಅಕ್ಕನ ವಿಷಯ ಹೇಳಿದಂತಾಗುವುದಿಲ್ಲ. ನಮ್ಮ ಕಡೆ ಯಾತ್ರೆ ಎಂದರೆ ವ್ಯಾನು. ವ್ಯಾನಿನ ತುಂಬ ಜನ, ಹಿಂದುಗಡೆ ಗ್ಯಾಸಿನ ದೊಡ್ಡ ಒಲೆ, ಅಕ್ಕಿ ಮೂಟೆ, ಹಂಡೆ, ಸೌಟು. ದಾರಿಯಲ್ಲಿ ನೆರಳು, ನೀರು ಎರಡೂ ಇರುವ ಕಡೆ ನಿಲ್ಲಿಸಿ ಅಡುಗೆ ಮಾಡಿಕೊಂಡರೆ ಹೋಟೆಲಿನ ಖರ್ಚಿಲ್ಲ. ಹಾಗಾಗಿಯೇ ನಮ್ಮಂಥವರಿಗೂ ನಾಲ್ಕು ಊರು ನೋಡಲು ಆಗುತ್ತಿತ್ತು. ನೋಡುತ್ತಿದ್ದವರು ಮಿಕ್ಕವರು. ಅಕ್ಕ ಒಲೆಯ ಹತ್ತಿರ ಇರುತ್ತಿದ್ದರು. ಎಲ್ಲರೂ ದರ್ಶನ ಮುಗಿಸಿ ಹಸಿದು ಬರುವ ಹೊತ್ತಿಗೆ ಅನ್ನ ಬಸಿದಿರಬೇಕು, ಸಾರು ಕುದಿದಿರಬೇಕು. ಕೊನೆಯಲ್ಲಿ ಅವರೊಬ್ಬರೇ ಓಡಿಹೋಗಿ ದೇವರಿಗೆ ಕೈ ಮುಗಿದು, ಓಡಿಬಂದು ಪಾತ್ರೆ ಬೆಳಗಲು ಕೂರುತ್ತಿದ್ದರು.

ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಪಳನಿಯಲ್ಲಿ ಏನೇನು ನೋಡಿದಿರಿ ಅಕ್ಕ ಎಂದು ಕೇಳಿದ್ದೆ. ಅವರು ಯೋಚಿಸಿ, "ಒಳ್ಳೆ ನಲ್ಲಿ ಇತ್ತು ಕಣಮ್ಮ. ನೀರು ದಪ್ಪಕ್ಕೆ ಸುರೀತಿತ್ತು" ಎಂದರು. ಮೊದಲು ತಮಾಷೆಗೆ ಹೇಳಿದರೆಂದುಕೊಂಡೆ. ಆಮೇಲೆ ಗೊತ್ತಾಯಿತು, ಅವರ ನೆನಪಿನಲ್ಲಿದ್ದ ಊರುಗಳೆಲ್ಲ ಹಾಗೆಯೇ. ಒಂದೂರೆಂದರೆ ಹುಣಸೆಮರ, ಇನ್ನೊಂದೂರೆಂದರೆ ಹಂದಿ ಕಾಟ, ಮತ್ತೊಂದೆಂದರೆ ಒಲೆ ಹಚ್ಚಬೇಡಿ ಎಂದು ಬೈದ ಪೊಲೀಸು. ಗೋಪುರವಿದ್ದ ಊರು ಒಂದೂ ಇರಲಿಲ್ಲ.

ತಿರುಚೆಂದೂರಿಗೆ ಹೋದಾಗ ನಾನೂ ಜೊತೆಯಲ್ಲಿದ್ದೆ. ಅಲ್ಲಿ ದೇವಸ್ಥಾನ ಸಮುದ್ರದ ದಡದಲ್ಲೇ ಇದೆ, ಆದರೆ ವ್ಯಾನುಗಳನ್ನು ದೂರ, ಕಟ್ಟಡಗಳ ಹಿಂದೆ ನಿಲ್ಲಿಸುತ್ತಿದ್ದರು. ನಾನು ಅಕ್ಕನ ಜೊತೆ ತರಕಾರಿ ಹೆಚ್ಚಲು ಕೂತೆ. ಅವರು ನನ್ನ ಕೈಯಿಂದ ಚಾಕು ಕಿತ್ತುಕೊಂಡು, "ನೀನು ಹೋಗಿ ನೋಡ್ಕಂಬಾ. ಬಂದು ನಂಗೆ ಹೇಳು" ಎಂದು ಕಳಿಸಿದರು. ನಾನು ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿದ್ದು ಹಾಗೆ. ಅಲೆಯಲ್ಲಿ ಕಾಲಿಟ್ಟಾಗ ಕಾಲಡಿಯ ಮರಳು ಸರಿದು ಮೈ ಜುಮ್ಮೆಂದದ್ದನ್ನು ಬಂದು ಅಕ್ಕನಿಗೆ ಹೇಳಿದೆ. ಅವರು ಸಾರು ಕಲಕುತ್ತ, ಆಮೇಲೆ, ಆಮೇಲೆ ಎಂದು ಕತೆ ಕೇಳುವ ಮಗುವಿನ ಹಾಗೆ ಕೇಳಿದರು. ಊಟ ಮುಗಿದು ಅವರು ಹೊರಡಬೇಕೆನ್ನುವಷ್ಟರಲ್ಲಿ ಭಾವ, ಹೊತ್ತಾಯಿತು, ಮುಂದಿನ ಊರಿನಲ್ಲಿ ಬಾಗಿಲು ಹಾಕುತ್ತಾರೆ ಎಂದು ಎಲ್ಲರನ್ನೂ ವ್ಯಾನು ಹತ್ತಿಸಿದರು. ಅಕ್ಕ ಮಕ್ಕಳ ಒದ್ದೆ ಬಟ್ಟೆಗಳನ್ನು ಹಿಂಡಿ ಹಿಂದುಗಡೆ ಹರವಿ, ಯಾರೂ ನೋಡುತ್ತಿಲ್ಲವೆಂದುಕೊಂಡು ತಮ್ಮ ಅಂಗೈಯನ್ನು ನಾಲಿಗೆಗೆ ತಾಗಿಸಿಕೊಂಡರು. ನಾನು ನೋಡಿದೆ.

"ಉಪ್ಪು ನಿಜಾನೇ" ಎಂದರು. ಆಮೇಲೆ ಎಷ್ಟೋ ವರ್ಷ ಯಾರಾದರೂ ಸಮುದ್ರದ ಮಾತೆತ್ತಿದರೆ, ನಾನು ನೋಡಿಲ್ಲ, ರುಚಿ ನೋಡಿದೀನಿ ಎಂದು ನಗಿಸುತ್ತಿದ್ದರು.

ದ್ವೀಪದ ವಿಷಯ ಬಂದದ್ದು ನನ್ನ ಮಗಳ ಸಮಾಜ ಪುಸ್ತಕದಿಂದ. ಅವಳು ಗಟ್ಟಿಯಾಗಿ ಓದುತ್ತಿದ್ದಳು. ಅಕ್ಕ ಅವರೆಕಾಯಿ ಸುಲಿಯುತ್ತಿದ್ದ ಕೈ ನಿಲ್ಲಿಸಿ, ಹಂಗಂದ್ರೇನೆ ಎಂದು ಕೇಳಿದರು. ನಾಲ್ಕೂ ಕಡೆ ನೀರಿರುವ ಭೂಮಿ ದೊಡ್ಡಮ್ಮ ಎಂದು ಮಗಳು ಹೇಳಿದಳು.

"ನಾಲ್ಕೂ ಕಡೆನಾ?"

"ನಾಲ್ಕೂ ಕಡೆ."

ಅಕ್ಕ ನನ್ನ ಕಡೆ ತಿರುಗಿ, "ಹಂಗಾದ್ರೆ ಅಲ್ಲಿ ಎಲ್ಲಿ ಒಲೆ ಹಚ್ಚುದ್ರೂ ಸಮುದ್ರ ಕಾಣ್ತದೆ" ಎಂದರು.

ನಮ್ಮ ಯೋಜನೆ ಶುರುವಾದದ್ದು ಆ ಮಾತಿನಿಂದ. ನಾವಿಬ್ಬರೇ ಅಂಡಮಾನಿಗೆ ಹೋಗಿಬರುವುದು. ನಗಬೇಡಿ. ಹಾಲು ಡೈರಿಗೆ ಹೋದ ಮೇಲಿನ ಮಧ್ಯಾಹ್ನಗಳಲ್ಲಿ ನಾವು ಅದನ್ನು ಎಷ್ಟು ಜತನದಿಂದ ಕೂಡಿಸಿದೆವೆಂದರೆ, ಮನೆಯ ಮದುವೆಗಳಿಗೂ ಅಷ್ಟು ಯೋಚಿಸಿರಲಿಲ್ಲ. ನನ್ನ ಟ್ಯೂಷನ್ ದುಡ್ಡು, ಅಕ್ಕನ ಕೋಳಿ ಮತ್ತು ಬದುವಿನ ಚೆಂಡುಹೂವಿನ ದುಡ್ಡು, ಅಷ್ಟರೊಳಗೇ ಆಗಬೇಕಿತ್ತು. ಯಾರ ಮುಂದೆಯೂ ಕೈ ಒಡ್ಡುವಂತಿರಲಿಲ್ಲ. ಯಾವ ತಿಂಗಳೆಂದು ತೀರ್ಮಾನಿಸಿದವರು ಅಕ್ಕನೇ. ಆಡಿ ಎಂದರೆ ಆಷಾಢ, ಆ ತಿಂಗಳಲ್ಲಿ ಮದುವೆಯಿಲ್ಲ, ಹೂವಿಗೆ ಬೆಲೆಯಿಲ್ಲ, ವಿಮಾನದವರಿಗೂ ಅದೇ ಗತಿ ಇರಬೇಕು ನೋಡು ಎಂದರು. ನೋಡಿದರೆ ಹಾಗೆಯೇ ಇತ್ತು. ಆಗ ಅಲ್ಲಿ ವಿಪರೀತ ಮಳೆಯಂತೆ ಎಂದೆ. ಮಳೆ ಬಂದರೆ ಸಮುದ್ರಕ್ಕೇನು ನಷ್ಟ ಎಂದರು. ಚೆನ್ನೈವರೆಗೆ ಸರ್ಕಾರಿ ಬಸ್ಸು, ಅಲ್ಲಿಂದ ವಿಮಾನ, ಉಳಿಯಲು ಅಗ್ಗದ ಒಂದು ರೂಮು.

ವಿಮಾನದಲ್ಲಿ ಗ್ಯಾಸ್ ಒಲೆ ಒಯ್ಯುವಂತಿಲ್ಲವೆಂದು ಹೇಳಿದ ದಿನ ಚೆನ್ನಾಗಿ ನೆನಪಿದೆ. ಅವರ ಮುಖ ಮೊದಲು ಬಾಡಿತು. ಮೂವತ್ತು ವರ್ಷದ ಅಭ್ಯಾಸ, ಒಲೆ ಇಲ್ಲದೆ ಊರು ಬಿಡುವುದನ್ನು ಅವರಿಂದ ಊಹಿಸಲೂ ಆಗಲಿಲ್ಲ. ಆಮೇಲೆ ನಿಧಾನವಾಗಿ ಏನೋ ಹೊಳೆಯಿತು.

"ಒಯ್ಯಂಗೇ ಇಲ್ವಾ? ಕಾನೂನೇ ಬ್ಯಾಡ ಅಂತದಾ?"

"ಕಾನೂನೇ ಬೇಡ ಅನ್ನುತ್ತೆ ಅಕ್ಕ."

ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಷ್ಟು ನಕ್ಕದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಲ್ಲಿಂದ ಅವರದು ಒಂದೇ ಷರತ್ತು, ಅಡುಗೆಮನೆ ಇಲ್ಲದ ರೂಮು. ಅವರ ತವರಿನ ಕಡೆಯ ಹೆಂಗಸೊಬ್ಬಳು ಅಂಡಮಾನಿನಲ್ಲೇ ಇದ್ದಳು, ಗಂಡನಿಗೆ ಕಟ್ಟಡದ ಸೆಂಟ್ರಿಂಗ್ ಕೆಲಸ. ನಮ್ಮನೆಗೇ ಬನ್ನಿ ಎಂದು ಫೋನಿನಲ್ಲಿ ಕರೆದಳು. ರೂಮಿನ ಖರ್ಚು ಪೂರ್ತಿ ಉಳಿಯುತ್ತಿತ್ತು. ಅಕ್ಕ ಒಪ್ಪಲಿಲ್ಲ. ಅವಳು ಒಬ್ಬಳೇ ಬೇಯಿಸುತ್ತಿದ್ದರೆ ನಾನು ಹೇಗೆ ಕೂತಿರಲಿ, ಎದ್ದುಬಿಡುತ್ತೇನೆ ಎಂದರು. ನಾನು ಲಾಡ್ಜಿಗೆ ಫೋನು ಮಾಡಿದರೆ ಅಲ್ಲಿನವನು, ಕಿಚನ್ ಇರುವ ರೂಮು ಕೊಡುತ್ತೇನೆ ಮೇಡಂ, ನೀವೇ ಮಾಡಿಕೊಂಡರೆ ಅಗ್ಗ ಎಂದು ತಮಿಳಿನಲ್ಲಿ ಆಸೆ ತೋರಿಸಿದ. ಅಕ್ಕ ಪಕ್ಕದಲ್ಲಿ ಕೂತು ಫೋನು ಇಡು, ಇಡು ಎಂದು ಕೈಯಾಡಿಸಿದರು. ಹುರಿಹಿಟ್ಟು, ಬೆಲ್ಲ, ನಿಪ್ಪಟ್ಟು, ಚಟ್ನಿಪುಡಿ ಒಯ್ಯುವುದು, ಬಾಳೆಹಣ್ಣು ಕೊಳ್ಳುವುದು, ಒಂದು ಹೊತ್ತು ಮಾತ್ರ ಎಲ್ಲಾದರೂ ಯಾರೋ ಮಾಡಿದ ಬಿಸಿ ಅನ್ನವನ್ನು ಕೂತು ಉಣ್ಣುವುದು. ಕೂತು ಎಂಬ ಮಾತನ್ನು ಅವರು ಎರಡು ಸಲ ಹೇಳಿದರು.

ಟಿಕೆಟ್ಟಿಗೆ ಆಧಾರ್ ಕಾರ್ಡು ಬೇಕಾಯಿತು. ಅಕ್ಕನ ಕಾರ್ಡು ಭಾವನ ಬೀರುವಿನಲ್ಲಿತ್ತು, ಜಮೀನಿನ ಪತ್ರಗಳ ಜೊತೆಗೆ. ಅಂಡಮಾನಿನಲ್ಲೊಂದು ಮುರುಗನ ಗುಡಿ ಇದೆಯಂತೆ, ಹರಕೆ ಎಂದು ಹೇಳೋಣ ಎಂದು ನಾನು ಸೂಚಿಸಿದೆ. ನಮ್ಮ ಕಡೆ ದೇವರ ಹೆಸರು ಹೇಳಿದರೆ ಹೆಂಗಸಿಗೆ ಯಾವ ಗೇಟೂ ತೆರೆಯುತ್ತದೆ. ಅಕ್ಕ ತಲೆಯಾಡಿಸಿದರು.

"ಬ್ಯಾಡ ಕಣಮ್ಮ. ದೇವರ ಹೆಸರು ಹೇಳುದ್ರೆ ಅವರೂ ಬತ್ತಾರೆ. ಅವರು ಬಂದ್ರೆ ಒಲೆ ಬತ್ತದೆ."

ಹಾಗಾಗಿ ನಿಜವನ್ನೇ ಹೇಳಿದರು. ರಾತ್ರಿಯ ಊಟ ಬಡಿಸುತ್ತ, ಸಮುದ್ರ ನೋಡಬೇಕು, ನಾವಿಬ್ಬರೂ ಹೋಗಿಬರುತ್ತೇವೆ, ದುಡ್ಡು ನಮ್ಮದೇ ಇದೆ, ಕಾರ್ಡು ಕೊಡಿ ಎಂದು ಕೇಳಿದರು. ಭಾವ ಬೈದಿದ್ದರೆ ಚೆನ್ನಾಗಿತ್ತು. ಬೈದರೆ ಜಗಳವಾಡಬಹುದು. ಅವರು ಬೈಯಲಿಲ್ಲ, ಸಂತೋಷಪಟ್ಟರು.

"ಸಮುದ್ರ ಅಷ್ಟೇ ತಾನೆ? ಅದಕ್ಯಾಕೆ ಅಷ್ಟು ದೂರ. ರಾಮೇಶ್ವರಕ್ಕೆ ಹೋಗಾನ, ಎಲ್ಲಾರೂ."

ನನ್ನ ಯಜಮಾನರು ಹೊಸೂರಿನ ಕಂಪನಿಯಲ್ಲಿ ಸೂಪರ್‌ವೈಸರು. ಎಲ್ಲವನ್ನೂ ಫೋನು ತೆಗೆದು ತೋರಿಸಿ ಒಪ್ಪಿಸುವ ಅಭ್ಯಾಸ. ನಕ್ಷೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿ ಅಕ್ಕನ ಮುಂದೆ ಹಿಡಿದರು. ಅದೂ ದ್ವೀಪವೇ ಅತ್ತಿಗೆ, ನೋಡಿ ಸುತ್ತ ನೀರು, ನಿಮ್ಮಿಬ್ಬರ ವಿಮಾನದ ಖರ್ಚಿನಲ್ಲಿ ಇಡೀ ಮನೆಯೇ ಹೋಗಿಬರಬಹುದು, ಒಲೆ ಒಯ್ದರಾಯಿತು ಎಂದರು. ಎಷ್ಟು ನ್ಯಾಯವಾದ ಮಾತು! ಇವತ್ತಿಗೂ ಆ ಮಾತಿನಲ್ಲಿ ಒಂದು ತಪ್ಪು ಹುಡುಕಿ ತೋರಿಸಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಅದರ ಮೇಲೆ ಇಷ್ಟು ಸಿಟ್ಟು. ಒಂದೇ ಉಸಿರಿನಲ್ಲಿ ಯಾರ‍್ಯಾರು ಬರುವುದು, ಯಾವ ವ್ಯಾನು, ಎಷ್ಟು ಅಕ್ಕಿ ಎಂದೆಲ್ಲ ತೀರ್ಮಾನವಾಯಿತು. ಅಕ್ಕನಿಗೆ ಒಲೆ ಇಲ್ಲದೆ ಹೋಗಬೇಕೆಂಬ ಆಸೆ ಎಂದು ನಾನು ಹೇಳಿದೆ. ಎಲ್ಲರೂ ನಕ್ಕರು. ಒಲೆ ಇಲ್ಲದೆ ಅವಳಿಗೆ ನಿದ್ದೆ ಬತ್ತದಾ ಎಂದು ಭಾವ ಕೇಳಿದರು. ಪ್ರೀತಿಯಿಂದಲೇ ಕೇಳಿದರು.

ಅಕ್ಕ ನಕ್ಷೆಯನ್ನು ನೋಡಿದರು. ಭಾವನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದರು.

"ನಾನು ಬರಲ್ಲ. ನೀವು ಹೋಗ್ಬನ್ನಿ."

ಯಾರೂ ಹೋಗಲಿಲ್ಲ. ಅಡುಗೆ ಮಾಡುವವರಿಲ್ಲದೆ ಎಲ್ಲಿಗೆ ಹೋಗುತ್ತಾರೆ? ಒಂದು ವಾರ ಭಾವ ಅಕ್ಕನ ಜೊತೆ ಮಾತು ಬಿಟ್ಟರು. ಕಾರ್ಡು ಬೀರುವಿನಿಂದ ಆಚೆಗೆ ಬರಲಿಲ್ಲ. ರಾಮೇಶ್ವರದ ಸ್ವಾಮಿಯನ್ನೇ ಬ್ಯಾಡ ಅಂದವಳು ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿದರು. ಆ ವರ್ಷದ ಆಡಿ ತಿಂಗಳು ಹಾಗೆಯೇ ಕಳೆಯಿತು. ಚೆಂಡುಹೂವನ್ನು ಕಿತ್ತು ದಾರಿಗೆ ಸುರಿದರು. ಅಕ್ಕ ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಎತ್ತಿದರೆ, "ಇರ‍್ಲಿ ಬಿಡು, ಅದೆಲ್ಲಿಗೆ ಹೋದಾತು. ಸುತ್ತಾ ನೀರೈತಲ್ಲ" ಎನ್ನುತ್ತಿದ್ದರು. ದ್ವೀಪ ಓಡಿಹೋಗಲು ದಾರಿಯಿಲ್ಲವೆಂಬುದು ಅವರ ಸಮಾಧಾನ. ಓಡಿಹೋಗುವುದು ಬೇರೆಯದೆಂದು ನಮಗಿಬ್ಬರಿಗೂ ತೋಚಲಿಲ್ಲ.

ಸಂಕ್ರಾಂತಿಗೆ ಸ್ವಲ್ಪ ಮುಂಚೆ ಅಕ್ಕ ಕೊಟ್ಟಿಗೆಯಲ್ಲಿ ಎದೆ ಹಿಡಿದುಕೊಂಡು ಕೂತರು. ಗ್ಯಾಸು ಎಂದು ಮನೆಯವರು ಸೋಡಾ ತರಿಸಿ ಕುಡಿಸಿದರು. ಕಾರು ತಂದು ಹೊಸೂರು ಮುಟ್ಟುವಷ್ಟರಲ್ಲಿ ನನ್ನ ತೊಡೆಯ ಮೇಲಿದ್ದ ತಲೆ ಭಾರವಾಯಿತು.

ಭಾವ ಅತ್ತರು. ನಿಜವಾಗಿಯೂ ಅತ್ತರು, ಗೋಡೆಗೆ ಹಣೆ ಚಚ್ಚಿಕೊಂಡರು. ಅಸ್ಥಿಯನ್ನು ಹೊಗೇನಕಲ್ಲಿನಲ್ಲಿ ಬಿಡಬಹುದಿತ್ತು, ನಮ್ಮ ಮನೆಯ ಎಲ್ಲರದನ್ನೂ ಅಲ್ಲೇ ಬಿಟ್ಟಿದ್ದು. ಭಾವ ಒಪ್ಪಲಿಲ್ಲ. "ದ್ವೀಪ ದ್ವೀಪ ಅಂತಿದ್ಲು. ಅಲ್ಲಿಗೇ ಕರ್ಕಂಡು ಹೋಯ್ತೀನಿ" ಎಂದು ಜನರ ನಡುವೆ ಬಿಕ್ಕಿದರು. ಬಂದವರೆಲ್ಲ ಅವರನ್ನು ಹೊಗಳಿದರು. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದರು. ಸ್ವಾಮಿಯೇ ಕರೆಸಿಕೊಂಡ, ಬ್ಯಾಡ ಅಂದವಳನ್ನ ಎಂದು ಅತ್ತೆ ಮೂಗು ಒರೆಸಿಕೊಂಡರು. ನಾನು ಒಳಗಿನಿಂದ ಕಾಫಿ ತಂದು ತಂದು ಕೊಟ್ಟೆ. ಒಂದು ಲೋಟವೂ ಸದ್ದು ಮಾಡಲಿಲ್ಲ.

ಇನ್ನು ಆ ದಿನದ ಬೆಳಿಗ್ಗೆ. ವ್ಯಾನು ಹೊರಡುವಾಗ ಅಕ್ಕನ ಮಗಳು ತನ್ನ ಬ್ಯಾಗು ಹಿಡಿದು ಜಗಲಿಗೆ ಬಂದಳು. ಕೃಷ್ಣಗಿರಿಗೆ ಕೊಟ್ಟ ಹುಡುಗಿ, ಕಾರ್ಯಕ್ಕೆ ಬಂದವಳು ಇಲ್ಲಿಯೇ ಉಳಿದಿದ್ದಳು. ನಾನೂ ಬರುತ್ತೇನೆ ಅಪ್ಪ, ಅಮ್ಮನ ಜೊತೆ ಚಿಕ್ಕಮ್ಮನೂ ನಾನೂ ಹಿಂದೆ ಕೂರುತ್ತೇವೆ ಎಂದಳು. ನಾನೂ ಸೀರೆ ಬದಲಿಸಿ ನಿಂತಿದ್ದೆ. ಭಾವ ಅವಳ ತಲೆ ಸವರಿ, ಹೆಣ್ಣುಮಕ್ಕಳು ಇದಕ್ಕೆಲ್ಲ ಬರಬಾರದಮ್ಮ ಎಂದರು. ನನ್ನ ಯಜಮಾನರು ನನ್ನ ಹತ್ತಿರ ಬಂದು, ಜಾಗವೂ ಇಲ್ಲ, ಸುಮ್ಮನೆ ಹಟ ಮಾಡಬೇಡ ಎಂದು ಮೆಲ್ಲಗೆ ಹೇಳಿದರು. ಬಿಳಿ ಬಟ್ಟೆಯ ಕುಡಿಕೆಯನ್ನು ಮರದಿಂದ ಇಳಿಸಿದರು. ವ್ಯಾನು ರಾಯಕೋಟೆ ರಸ್ತೆಗೆ ತಿರುಗುವವರೆಗೆ ಆ ಹುಡುಗಿ ಬ್ಯಾಗನ್ನು ಕೆಳಗಿಡಲಿಲ್ಲ.

ಆಮೇಲೆ ದಿನವಿಡೀ ಫೋನು. ಸೇಲಂ ದಾಟಿ ತಿಂಡಿಯಾಯಿತು, ಪೊಂಗಲ್ ಚೆನ್ನಾಗಿತ್ತು. ಮಧುರೆಯಲ್ಲಿ ಊಟವಾಯಿತು, ಎಲೆ ಊಟ, ಏನು ಬೇಕೋ ಬಡಿಸುತ್ತಾರೆ. ಮೂವತ್ತು ವರ್ಷ ಆ ದಾರಿಗಳಲ್ಲಿ ಇಲ್ಲದಿದ್ದ ಹೋಟೆಲುಗಳು ಒಂದೇ ದಿನದಲ್ಲಿ ಹುಟ್ಟಿಕೊಂಡಂತಿತ್ತು. ಅಕ್ಕ ಹೊತ್ತು ತಿರುಗಿದ ಒಲೆ ಅಟ್ಟದ ಮೇಲೆ ಬೋರಲಾಗಿ ಬಿದ್ದಿತ್ತು. ಏಣಿ ಹತ್ತಿ ಅದನ್ನು ಇಳಿಸಿದೆ. ಅದರ ರಬ್ಬರು ಪೈಪಿಗೆ ಅಕ್ಕ ತಮ್ಮ ಹಳೆಯ ಕುಪ್ಪಸದ ಬಟ್ಟೆ ಸುತ್ತಿ, ಬಿಚ್ಚದಂತೆ ಪುಟ್ಟ ಗಂಟು ಹಾಕಿದ್ದರು. ಒಲೆಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಕಲ್ಲಿನ ಮೇಲೆ ಕೈಬಿಟ್ಟೆ. ಕೇರಿಗೆಲ್ಲ ಕೇಳುವಂತೆ ಸದ್ದಾಯಿತು. ಅತ್ತೆ ಒಳಗಿನಿಂದ ಏನೇ ಅದು ಎಂದರು. ಇನ್ನು ಮುಂದೆ ಈ ಮನೆಯಿಂದ ಹೊರಡುವ ಯಾವ ವ್ಯಾನಿನ ಹಿಂದೆಯೂ ಅದು ಹೋಗುವುದಿಲ್ಲ, ಅದರ ಹಿಂದೆ ನಾನೂ ಕೂರುವುದಿಲ್ಲ. ಅಕ್ಕ ನನ್ನ ಕೈಯಿಂದ ಚಾಕು ಕಿತ್ತುಕೊಂಡು ಸಮುದ್ರಕ್ಕೆ ಕಳಿಸಿದ್ದರು. ನಾನು ನೋಡಿದ್ದು ಅವರ ಪಾಲಿನ ಸಮುದ್ರ. ಆ ಋಣಕ್ಕೆ ಇಷ್ಟಾದರೂ ಬೇಡವೇ?

ಸಂಜೆ ನನ್ನ ಯಜಮಾನರು ವಿಡಿಯೋ ಕಾಲ್ ಮಾಡಿದರು. ಅಸ್ಥಿ ಬಿಡುವುದು ಮರುದಿನ ಬೆಳಿಗ್ಗೆ, ಈಗ ಸುಮ್ಮನೆ ದಡಕ್ಕೆ ಬಂದಿದ್ದೇವೆ, ನೋಡಿ ಎಂದು ಫೋನನ್ನು ಸುತ್ತ ತಿರುಗಿಸಿದರು. ನೀರು, ಆಕಾಶ, ದೋಣಿಗಳು, ಪಂಚೆ ಮೇಲೆತ್ತಿ ಅಲೆಯಲ್ಲಿ ನಿಂತಿದ್ದ ಭಾವ, ಮತ್ತೆ ನೀರು. ಆಮೇಲೆ ದಡದಲ್ಲಿ ನಿಂತಿದ್ದ ವ್ಯಾನು, ತೆರೆದ ಬಾಗಿಲು, ಒಳಗೆ ಸೀಟಿನ ಮೇಲೆ ಬಿಳಿ ಬಟ್ಟೆಯ ಗಂಟು. ಅಕ್ಕನ ಮಗಳು ನನ್ನ ಭುಜಕ್ಕೆ ಗಲ್ಲ ಊರಿ ನೋಡುತ್ತಿದ್ದಳು. ಹೆಪ್ಪು ಕೇಳಲು ಬಂದಿದ್ದ ಎದುರುಮನೆಯವಳು, ಕೈಯಲ್ಲಿ ಬಟ್ಟಲು ಹಿಡಿದು ಹಿಂದಿನಿಂದ ಇಣುಕಿದಳು.

"ಬೆಳಿಗ್ಗೆ ಹೊಂಟಾಗ ನೋಡ್ದೆ, ಹಿಂದ್ಗಡೆ ಎರಡು ಸೀಟು ಖಾಲೀನೇ ಹೋದ್ವಲ್ಲಕ್ಕ" ಎಂದಳು. "ಮೊದ್ಲೇ ಹೇಳಿದ್ರೆ ನಾನೂ ಬತ್ತಿದ್ದೆ, ಸಮುದ್ರ ನೋಡ್ದಂಗಾಗೋದು."